ನಾರಲ್ಲ, ನೂಲು

ನಾರುಹುಣ್ಣಾದವರಿಗೆ, ಅಂದರೆ ಮೈಯಿಂದ ದಾರದಂಥ ಹುಳ ಹೊರಡುತ್ತಿರುವವರಿಗೆ, ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ಎಳೀಬ್ಯಾಡ. ಮನೆಯ ಅಜ್ಜಿ ಹೇಳುತ್ತಾಳೆ, ಪಕ್ಕದ ಮನೆಯವರು ಹೇಳುತ್ತಾರೆ, ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುವವನೂ ನಿಂತು, ಕಾಲು ನೋಡಿ, ಅದನ್ನೇ ಹೇಳಿ ಮುಂದೆ ಹೋಗುತ್ತಾನೆ. ನಾನು ಎಳೆದೆ. ಎಲ್ಲರೂ ಹೇಳಿದ ಮೇಲೆಯೂ, ಎಲ್ಲ ಗೊತ್ತಿದ್ದೂ, ಕೈಯಾರೆ ಎಳೆದೆ.

ಹೊಸಪೇಟೆಯಲ್ಲಿ ನನ್ನನ್ನು ಫುಟ್‌ಬಾಲ್ ಮಾಸ್ತರ ಅಂತ ಕರೆಯುತ್ತಾರೆ. ನನ್ನ ಎಡಗಾಲು ಮೊಣಕಾಲಲ್ಲಿ ಮಡಚುವುದಿಲ್ಲ. ಕೂತರೆ ಅದು ಎದುರಿಗೆ ಚಾಚಿಕೊಂಡೇ ಇರುತ್ತದೆ. ಹೋಗಿ ಬರುವವರು ಎಡವುತ್ತಾರೆ, ನನ್ನಿಂದ ಬೈಸಿಕೊಳ್ಳುತ್ತಾರೆ. ಈಗಿನ ಆಟಗಾರರು ನಾನು ಹುಟ್ಟಿದಾಗಿನಿಂದ ಹೀಗೇ ಅಂತ ತಿಳಿದಿದ್ದಾರೆ. ಹೋದ ತಿಂಗಳು ಕಂಪ್ಲಿಯ ಒಬ್ಬ ಹೆಣ್ಣುಮಗಳು ನಾರು ಹೊರಟಿದ್ದ ಗಂಡನನ್ನು ಗಾಡಿಯಲ್ಲಿ ಹಾಕಿಕೊಂಡು ನಮ್ಮ ಮನೆಯ ತನಕ ಬಂದಳು. ಆತನಿಗೆ ಕಬ್ಬು ಕಡಿಯುವ ಅವಸರ, ನಾರನ್ನು ಎಳೆದು ಬಿಸಾಕುತ್ತೇನೆ ಅಂತ ಕೂತಿದ್ದಾನೆ. "ಇವರಿಗೆ ನಿಮ್ಮ ಕಾಲು ಒಂದೀಟು ತೋರಸ್ರಿ ಮಾಸ್ತರ, ನನ್ನ ಮಾತು ಕೇಳವಲ್ಲರು," ಅಂದಳು. ತೋರಿಸಿದೆ. ಆತ ನೋಡಿ, "ಎಳೆಯಂಗಿಲ್ಲ ಬಿಡ್ರಿ," ಅಂದ. ಈ ಕಾಲು ಅಷ್ಟು ಕೆಲಸಕ್ಕಾದರೂ ಬರುವುದಾದರೆ ಇದರ ಕಥೆಯನ್ನು ಬರೆದೇ ಇಡಬಹುದು ಅನ್ನಿಸಿತು.

ನಮ್ಮದು ಮಾಧ್ವರ ಮನೆ. ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ನೀರಿನ ವಿಷಯದಲ್ಲಿ ಅವರು ಬಹಳ ಬಿಗಿ. ನಮ್ಮ ಮನೆಯ ಬಾವಿಯ ನೀರು, ಅದೂ ಅವ್ವ ಮಡಿಯಲ್ಲಿ ಸೇದಿ, ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿ ಸೋಸಿದ್ದು. ಅದನ್ನು ಬಿಟ್ಟು ಹೊರಗಡೆ ಒಂದು ಹನಿ ಬಾಯಿಗೆ ಹಾಕುವಂತಿಲ್ಲ. ಕಚೇರಿಗೂ ಅಪ್ಪ ಮನೆಯಿಂದಲೇ ನೀರು ಒಯ್ಯುತ್ತಿದ್ದರು. ನಾನು ಫುಟ್‌ಬಾಲಿಗೆ ಹೋಗುವುದು ಅವರಿಗೆ ಸುತರಾಂ ಸೇರುತ್ತಿರಲಿಲ್ಲ. ಚರ್ಮದ ಚೆಂಡು, ಊರಿನ ಹತ್ತು ಜಾತಿಯ ಹುಡುಗರು, ಮೈಗೆ ಮೈ ತಾಗಿಸುವ ಆಟ. "ಚೆಂಡು ಒದ್ದು ಯಾವ ಬ್ರಾಹ್ಮಣ ಉದ್ಧಾರ ಆಗ್ಯಾನೋ?" ಅಂತ ಒಂದು ಸಲ ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಅವ್ವ ಮಾತ್ರ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಎರಡು ಕೊಡ ನೀರು ಸುರಿದು, "ಗೆದ್ರೇನೋ?" ಅಂತ ಪಿಸುಗುಡುತ್ತಿದ್ದಳು.

ನಾನು ಆಡುತ್ತಿದ್ದುದು ಸೆಂಟರ್ ಹಾಫ್. ಮುಂದೆ ಗೋಲು ಹೊಡೆಯುವವರು ಐವರು, ಹಿಂದೆ ತಡೆಯುವವರು ಇಬ್ಬರು, ನಡುವೆ ಮೂವರು. ಆ ಮೂವರ ನಡುವೆ ನಾನು. ಗೋಲು ಹೊಡೆದವನನ್ನು ಜನ ಹೊತ್ತು ಕುಣಿಯುತ್ತಾರೆ, ಗೋಲು ತಡೆದವನ ಬೆನ್ನು ತಟ್ಟುತ್ತಾರೆ, ನಡುವಿನವನನ್ನು ಕೇಳುವವರಿಲ್ಲ. ಆದರೆ ಚೆಂಡು ಎತ್ತ ಹೋದರೂ ನನ್ನನ್ನು ದಾಟಿಯೇ ಹೋಗಬೇಕು. ಆ ಹಮ್ಮು ನನಗಿತ್ತು, ಸುಳ್ಳು ಯಾಕೆ ಹೇಳಲಿ. ಬರಿಗಾಲಲ್ಲಿ ಬಿಸಿಲು ಇಳಿಯುವ ತನಕ ಓಡಿದರೂ ನನಗೆ ಉಸಿರು ಹತ್ತುತ್ತಿರಲಿಲ್ಲ. ಇಪ್ಪತ್ತೆರಡು ವಯಸ್ಸು. ನನ್ನ ಕಾಲುಗಳನ್ನು ಬಿಟ್ಟರೆ ಈ ಲೋಕದಲ್ಲಿ ನನ್ನದು ಅಂತ ಇನ್ನೇನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಂದು ಬೇಸಿಗೆ ಸಂಡೂರು ಸಂಸ್ಥಾನದ ವಡ್ಡು ಅನ್ನುವ ಊರಿಗೆ ಆಡಲು ಹೋದೆವು. ನಾನು ಎಂದಿನಂತೆ ಅವ್ವ ಕೊಟ್ಟ ತಂಬಿಗೆ ಒಯ್ದಿದ್ದೆ. ನಮ್ಮ ಗಾಡಿಯ ಎತ್ತು ಅದನ್ನು ಒದ್ದು ಉರುಳಿಸಿತು. ಆಟ ಮುಗಿಯುವ ಹೊತ್ತಿಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಊರ ಹೊರಗೆ ಒಂದು ಮೆಟ್ಟಿಲು ಬಾವಿ. ಎಲ್ಲರೂ ಧಡಧಡ ಇಳಿದು, ಮೊಣಕಾಲಿನ ತನಕ ನೀರಲ್ಲಿ ನಿಂತು ಬೊಗಸೆಯಲ್ಲಿ ಕುಡಿಯತೊಡಗಿದರು. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದೆ. ನಮ್ಮ ಗೋಲ್‌ಕೀಪರ್ ಹುಸೇನಿ, ಅವನ ಮನೆಯಲ್ಲಿ ಜಟಕಾ ಓಡಿಸುವುದು ಕಸುಬು, ಕೆಳಗಿನಿಂದ ಕೂಗಿದ.

"ಲೇ ರಾಘ್ಯಾ, ಕುಡಿ ಬಾ. ಸತ್ತಗಿತ್ತೀಯ. ನಾವ್ಯಾರೂ ನಿಮ್ಮಪ್ಪಗ ಹೇಳಂಗಿಲ್ಲ."

ಇಳಿದೆ. ದನ ಕುಡಿದ ಹಾಗೆ ಕುಡಿದೆ. ಅಂಥ ಸಿಹಿ ನೀರು ನಾನು ಕುಡಿದೇ ಇರಲಿಲ್ಲ. ಮನೆಗೆ ಬಂದಾಗ ಅವ್ವ, "ತಂಬಿಗಿ ನೀರು ಸಾಕಾತೇನೋ?" ಅಂದಳು. "ಸಾಕಾತವ್ವ," ಅಂದೆ. ಅಷ್ಟೇ. ಮರುದಿನವೇ ಅದನ್ನು ಮರೆತೆ.

ಮುಂದಿನ ಬೇಸಿಗೆ ಬಂತು. ಆ ವರ್ಷ ನಾವು ಸಂಡೂರಿನ ಪಂದ್ಯಾವಳಿಯಲ್ಲಿ ಒಂದೊಂದೇ ಟೀಮನ್ನು ಸೋಲಿಸಿ ಫೈನಲ್ಲಿನ ತನಕ ಬಂದಿದ್ದೆವು. ಎದುರು ಗಣಿಯವರ ಟೀಮು. ಅಷ್ಟರಲ್ಲಿ ನನ್ನ ಎಡಮೊಣಕಾಲಿನ ಕೆಳಗೆ, ಹೊರಬದಿಯಲ್ಲಿ, ಒಂದು ಬೊಕ್ಕೆ ಎದ್ದಿತು. ಕಡಿತ, ಉರಿ, ಕೆಂಡ ಇಟ್ಟ ಹಾಗೆ. ಯಾರದೋ ಒದೆತ ಬಿದ್ದಿರಬೇಕು ಅಂದುಕೊಂಡೆ. ಉರಿ ತಡೆಯಲಾರದೆ ಹಿತ್ತಲಲ್ಲಿ ಕೂತು, "ಅವ್ವ, ಕಾಲ ಮ್ಯಾಲ ಒಂದು ತಂಬಿಗಿ ನೀರು ಹಾಕು," ಅಂದೆ. ನೀರು ಬಿದ್ದ ಕೂಡಲೇ ಬೊಕ್ಕೆ ಒಡೆಯಿತು. ಒಳಗಿನಿಂದ ಬಿಳೀ ದಾರದಂಥದ್ದು ಒಂದಿಷ್ಟು ಹೊರಗೆ ಬಂತು. ದಾರ ಮೆಲ್ಲಗೆ ಅಲುಗಾಡಿತು. ಅವ್ವನ ಕೈಯಿಂದ ತಂಬಿಗೆ ಬಿತ್ತು.

ಸದ್ದಿಗೆ ಅಪ್ಪ ಹೊರಗೆ ಬಂದರು. ಬಗ್ಗಿ ನೋಡಿದರು. ನೋವಾಗುತ್ತದೇನೋ ಅಂತ ಕೇಳಲಿಲ್ಲ.

"ಎಲ್ಲಿ ಕುಡದಿ?" ಅಂದರು.

ಇದು ನಮ್ಮ ಸೀಮೆಯಲ್ಲಿ ಹುಟ್ಟಿದವರೆಲ್ಲರಿಗೂ ಗೊತ್ತಿದ್ದ ವಿಷಯ. ಹೋದ ವರ್ಷ ಹೊಲಸು ಬಾವಿಯ ನೀರು ಕುಡಿದವನಿಗೆ ಈ ವರ್ಷ ನಾರು ಹೊರಡುತ್ತದೆ. ಸೋಸಿದ ನೀರಿನ ಮನೆಯಲ್ಲಿ ಇದು ಬರುವ ಮಾತೇ ಇಲ್ಲ. ನಾನು ತಲೆ ತಗ್ಗಿಸಿ, "ಎಲ್ಲೂ ಇಲ್ಲ," ಅಂದೆ. ಅಪ್ಪನ ದನಿ ಏರಲೂ ಇಲ್ಲ. "ನೀ ಸುಳ್ಳು ಹೇಳಬಹುದು. ನಾರು ಹೇಳಂಗಿಲ್ಲ," ಅಂದು ಒಳಗೆ ಹೋದರು. ಆವತ್ತಿನಿಂದ ನನ್ನ ಜೊತೆ ಮಾತು ನಿಲ್ಲಿಸಿದರು. ಅವ್ವ ಅತ್ತಳು. ಅವಳು ಅತ್ತಿದ್ದು ಕಾಲಿಗಲ್ಲ. "ನನ್ನ ಮುಂದರೆ ಹೇಳಬಾರದಿತ್ತೇನೋ? ನಾ ಏನು ನಿನ್ನ ಹೊಡೀತಿದ್ನೇನು?" ಅಂತ ಕೇಳುತ್ತಲೇ ಇದ್ದಳು. ಹುಣ್ಣಿನ ಉರಿಗಿಂತ ಅದು ಹೆಚ್ಚು ಉರಿಯಿತು.

ನಾರು ತೆಗೆಯುವುದರಲ್ಲಿ ಆಗ ಬುಕ್ಕಸಾಗರದ ಈರಮ್ಮನದು ದೊಡ್ಡ ಹೆಸರು. ಅದೇ ಊರಲ್ಲಿ ಅವ್ವನ ಅಣ್ಣ ಗುಡಿಯ ಅರ್ಚಕರು. ಅವರ ಮನೆಯ ಹೊರಕಟ್ಟೆಯ ಮೇಲೆ ನನ್ನ ಹಾಸಿಗೆ ಬಿತ್ತು. ದಿನಾ ಬೆಳಿಗ್ಗೆ ಕೋಲೂರಿಕೊಂಡು ಈರಮ್ಮನ ಅಂಗಳಕ್ಕೆ ಹೋಗುವುದು, ಅಲ್ಲಿ ಬೇವಿನ ಗಿಡದ ಕೆಳಗೆ ಸರದಿ ಕಾಯುವುದು.

ಆ ಬೇವಿನ ನೆರಳನ್ನು ನಾನು ಮರೆಯುವುದಿಲ್ಲ. ಆರೇಳು ಜನ, ಒಬ್ಬೊಬ್ಬರ ಕಾಲಿಗೆ ಒಂದೊಂದು ಪೊರಕೆಕಡ್ಡಿ ಕಟ್ಟಿಕೊಂಡು ಕೂತಿರುತ್ತಿದ್ದರು. ಒಬ್ಬ ಕುರುಬನಿಗೆ ಮೂರು ಕಡೆ ನಾರು ಹೊರಟಿತ್ತು. ಅವನನ್ನು ಎಲ್ಲರೂ ಸಾವ್ಕಾರ ಅಂತ ಕರೆಯುತ್ತಿದ್ದರು. "ಸಾವ್ಕಾರ್ರ, ನಮಗೊಂದು ಕೊಡ್ರಿ, ನೀವು ಎಲ್ಲಾ ಒಬ್ರ ಇಟ್ಕಂಡ್ರ ಹೆಂಗ?" ಅಂತ ತಮಾಷೆ. ಅವನೂ ನಗುತ್ತಿದ್ದ. ಗದ್ದೆ ನಾಟಿಗೆ ಹೋಗಬೇಕಾದ ಹೆಂಗಸರು, ಗಾಣದ ಕೆಲಸದವರು, ನಾನು. ನನಗೆ ಮೊದಲೆರಡು ದಿನ ಅವರ ಜೊತೆ ಕೂರಲು ಸಂಕೋಚ. ಮೂರನೇ ದಿನ ಕುರುಬ, "ರಾಯರ, ನಿಮ್ಮದು ಎಷ್ಟು ಸುತ್ತಾತ್ರಿ?" ಅಂತ ಕೇಳಿದ. "ಮೂರು," ಅಂದೆ. "ಭಾಳ ಚಲೋ ಬರಾಕತೈತಿ ಬಿಡ್ರಿ," ಅಂದ. ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷವಾಯಿತು.

ಈರಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಕೆ ಕೆಲಸ ಮಾಡುತ್ತಿದ್ದುದು ಬೆರಳಿಂದ. ಹುಣ್ಣಿನ ಮೇಲೆ ತಣ್ಣೀರು ಚಿಮುಕಿಸಿ, ಹೊರಗೆ ಬಂದ ನಾರನ್ನು ಕಡ್ಡಿಗೆ ಮೆಲ್ಲಗೆ ಒಂದು ಸುತ್ತು ಸುತ್ತುವಳು. ಬಿಗಿದ ಕೂಡಲೇ ಅಲ್ಲಿಗೇ ನಿಲ್ಲಿಸಿ, ಕಡ್ಡಿಯನ್ನು ಕಾಲಿಗೆ ಕಟ್ಟಿ, ಔಡಲ ಎಲೆ ಮುಚ್ಚುವಳು. ದಿನಕ್ಕೆ ಒಂದೇ ಸುತ್ತು. ಕೆಲವು ದಿನ ಅರ್ಧ.

"ಇದು ಕೂಸು ಇದ್ದಂಗ ರಾಯರ," ಅನ್ನುತ್ತಿದ್ದಳು. "ಒತ್ತಾಯ ಮಾಡಿದ್ರ ಮುನಸ್ಕಂತೈತಿ. ತಾನಾ ಬರ್ತೈತಿ. ಎಳೀಬ್ಯಾಡ್ರಿ."

ಹಗಲು ಹೇಗೋ ಕಳೆಯುತ್ತಿತ್ತು. ಆದರೆ ಒಬ್ಬನೇ ಕೂತಾಗ ಹೆದರಿಕೆ. ನನ್ನ ಕಾಲಿನೊಳಗೆ ನನ್ನದಲ್ಲದ ಜೀವ ಒಂದು ಮಲಗಿದೆ, ಅದಕ್ಕೆ ಅದರದೇ ಇಷ್ಟಾನಿಷ್ಟ ಇದೆ, ನಾನು ಅದರ ಅಪ್ಪಣೆಗೆ ಕಾಯಬೇಕು ಅನ್ನುವುದು ನನಗೆ ತಡೆಯಲಾಗದ ಅವಮಾನವಾಗಿತ್ತು. ನನಗೆ ಅಸಹ್ಯವಾಗುತ್ತಿತ್ತು. ಇದನ್ನು ಓದುವ ನಿಮಗೂ ನಾರು ಆಗಿದ್ದರೆ, ನಿಮಗೊಬ್ಬರಿಗೇ ಹಾಗೆ ಅನ್ನಿಸುತ್ತಿದೆ ಅಂತ ತಿಳಿಯಬೇಡಿ.

ಒಂದು ದಿನ ಹುಸೇನಿ ಜಟಕಾದಲ್ಲಿ ಬಂದ. ಮಾವನ ಮನೆಯ ಕಟ್ಟೆಯ ಕೆಳಗೆ ನಿಂತೇ ಮಾತಾಡಿದ. ಫೈನಲ್ಲಿಗೆ ಎಂಟು ದಿನ ಉಳಿದಿದೆ ಅಂದ.

"ನಡುವ ಯಾರ್ನ ನಿಂದ್ರಸ್ತೀರಿ?" ಅಂತ ಕೇಳಿದೆ.

"ಯಾರ್ನಾರ ನಿಂದ್ರಸ್ತೀವಿ ಬಿಡು. ನೀ ಅದರ ಚಿಂತಿ ಮಾಡಬ್ಯಾಡ. ಕಾಲು ಮದ್ಲು."

"ನಾ ಬರ್ತೀನಿ."

"ಲೇ, ಹುಚ್ಚಗಿಚ್ಚ ಹಿಡದೈತೇನು? ಈರಮ್ಮ ಹೇಳಿದಂಗ ಕೇಳು."

ಇದನ್ನು ಬಿಡಿಸಿ ಬರೆಯಲು ಕಾರಣವಿದೆ. ಆಮೇಲೆ ನಮ್ಮ ಓಣಿಯಲ್ಲಿ, ಆ ಸಾಬರ ಹುಡುಗ ಬಂದು ಆಟಕ್ಕೆ ಕರೆದು ಹುಡುಗನ ಕಾಲು ಕಳೆದ ಅಂತ ಮಾತಾಯಿತು. ಹುಸೇನಿ ಕರೆಯಲಿಲ್ಲ. ಬೇಡ ಅಂತ ಎರಡು ಸಲ ಹೇಳಿ ಹೋದ.

ಮರುದಿನ ಈರಮ್ಮನನ್ನು ಕೇಳಿದೆ, ಇನ್ನೆಷ್ಟು ಉಳಿದಿದೆ ಅಂತ. "ಅದು ಯಾರಿಗೆ ಗೊತ್ರಿ? ಒಂದು ಗೇಣು ಇದ್ದೀತು, ಒಂದು ಮೊಳ ಇದ್ದೀತು," ಅಂದಳು. ಒಂದು ಗೇಣು ಅನ್ನುವ ಮಾತನ್ನು ಮಾತ್ರ ನನ್ನ ಕಿವಿ ಹಿಡಿದುಕೊಂಡಿತು. ಆ ಮಧ್ಯಾಹ್ನ ಮಾವನ ಮನೆಯವರೆಲ್ಲ ಊಟ ಮಾಡಿ ಅಡ್ಡಾಗಿದ್ದರು. ನಾನು ಕಟ್ಟು ಬಿಚ್ಚಿದೆ. ಈರಮ್ಮ ಮಾಡುವ ಹಾಗೇ ನೀರು ಚಿಮುಕಿಸಿದೆ. ಒಂದು ಸುತ್ತು ಸುತ್ತಿದೆ, ಬಂತು. ಇನ್ನೊಂದು, ಅದೂ ಬಂತು. ಮೂರನೆಯದೂ ಸಲೀಸಾಗಿ ಬಂದಾಗ ನನಗೆ ನಗು ಬಂದುಬಿಟ್ಟಿತು. ಈ ಮುದುಕಿ ಸುಮ್ಮನೆ ಹೆದರಿಸುತ್ತಾಳೆ ಅಂದುಕೊಂಡೆ. ನಾಲ್ಕನೆಯ ಸುತ್ತಿಗೆ ಕೈ ಇಟ್ಟೆ. ಕಡ್ಡಿ ಹಗುರವಾಯಿತು. ನಾರು ಹರಿದಿತ್ತು. ಹರಿದ ತುದಿ ಸರಕ್ಕನೆ ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದೆ.

ಆಗಲಾದರೂ ಓಡಿಹೋಗಿ ಈರಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆ. ಅಪ್ಪನಿಗೆ ಇನ್ನೊಂದು ಸಲ ತಿಳಿಯುತ್ತದೆ ಅನ್ನುವ ಭಯ. ಉಟ್ಟ ಧೋತರದ ಅಂಚಿನಿಂದ ಒಂದು ಎಳೆ ಕಿತ್ತೆ. ಉಗುಳಲ್ಲಿ ನೆನೆಸಿ ಕಡ್ಡಿಗೆ ಸುತ್ತಿ, ತುದಿಯನ್ನು ಹುಣ್ಣಿಗೆ ಅಂಟಿಸಿ, ಮೇಲೆ ಎಲೆ ಕಟ್ಟಿದೆ. ದೂರದಿಂದ ನೋಡಿದರೆ ನನಗೇ ಗೊತ್ತಾಗುತ್ತಿರಲಿಲ್ಲ. ಕುರುಡಿಗೆ ಏನು ಗೊತ್ತಾಗುತ್ತದೆ ಅಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮಾರನೆಯ ದಿನ, "ಇವತ್ತು ಭಾಳ ನೋಯ್ತದ, ಮುಟ್ಟಬ್ಯಾಡ," ಅಂದೆ. "ಆಗಲ್ರಿ, ಒಂದಿನ ಬಿಡೋಣು," ಅಂದಳು ಪಾಪ. ಎರಡನೆಯ ದಿನ ಬೆಳಿಗ್ಗೆ ಕಾಲು ತೊಡೆಯ ತನಕ ಬಾತು ಕೆಂಪಾಗಿತ್ತು. ಚಳಿಜ್ವರ. ಆದರೂ ಹೋಗಿ ಕೂತೆ. ಈರಮ್ಮ ಕಟ್ಟು ಬಿಚ್ಚಿ ಬೆರಳಿಟ್ಟಳು. ಬೆರಳು ನಿಂತಿತು. ಎಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒಂದು ಸಲ ಹೊಸೆದಳು.

"ಇದು ನಾರಲ್ಲ, ನೂಲು," ಅಂದಳು.

ಬೇವಿನ ಕೆಳಗೆ ಕೂತವರೆಲ್ಲ ನನ್ನತ್ತ ತಿರುಗಿದರು. ಅಷ್ಟು ದಿನ ನನ್ನನ್ನು ರಾಯರ, ರಾಯರ ಅಂತ ಬಹುವಚನದಲ್ಲಿ ಕರೆದ ಆ ಮುದುಕಿ ಆವತ್ತು ಮೊದಲ ಸಲ ಏಕವಚನಕ್ಕೆ ಇಳಿದಳು.

"ಎಪ್ಪಾ ಹುಚ್ಚಪ್ಪಾ, ಯಾರಿಗೆ ಮೋಸ ಮಾಡಿದ್ಯೋ? ನನ್ನ ಕಣ್ಣಿಗೋ, ನಿನ್ನ ಕಾಲಿಗೋ? ಹರದ ದಿನಾನ ಬಂದಿದ್ರ ಏನಾರ ಮಾಡ್ತಿದ್ನೆಲ್ಲೋ!" ಅಂತ ತನ್ನ ಹಣೆ ಹಣೆ ಬಡಿದುಕೊಂಡಳು. ಆಮೇಲೆ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಪಾದದಿಂದ ತೊಡೆಯ ತನಕ ಒತ್ತಿ ನೋಡಿದಳು. "ಇದು ಇನ್ನ ನನ್ನ ಕೈಯಾಗಿಂದಲ್ಲ. ಬಳ್ಳಾರಿ ದವಾಖಾನಿಗೆ ಒಯ್ರಿ. ಜಲ್ದಿ ಒಯ್ರಿ." ಕುರುಬ ಸಾವ್ಕಾರ ತನ್ನ ಮೂರು ಕಡ್ಡಿಗಳ ಕಾಲಲ್ಲೇ ಕುಂಟುತ್ತಾ ಹೋಗಿ ಮಾವನನ್ನು ಕರೆತಂದ.

ಮಾವ ಹೊಸಪೇಟೆಗೆ ಆಳು ಕಳಿಸಿದರು, ಹುಸೇನಿಯ ಜಟಕಾ ಬಂತು. ಹೊಸಪೇಟೆ ಸ್ಟೇಷನ್ನಿಗೆ ಅಪ್ಪ ಬಂದು ನಿಂತಿದ್ದರು, ಕೈಯಲ್ಲಿ ಮನೆಯ ನೀರಿನ ಹಿತ್ತಾಳೆ ಕೂಜ. ಹುಸೇನಿ ನನ್ನನ್ನು ಮಗುವಿನ ಹಾಗೆ ಎತ್ತಿ ರೈಲಿನೊಳಗೆ ಮಲಗಿಸಿದ. ಅವನು ಇಳಿಯಲು ಹೊರಟಾಗ ಅಪ್ಪ, "ನೀನೂ ಬಾರಪ್ಪ. ನನ್ನ ಕೈಲಿ ಎತ್ತಲಿಕ್ಕೆ ಆಗಂಗಿಲ್ಲ," ಅಂದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಎಷ್ಟು ಹೊತ್ತು ಕಾದೆವೋ ತಿಳಿಯದು. ಕಾರ್ಬಾಲಿಕ್ ವಾಸನೆ, ನೊಣ, ಯಾರದೋ ಮಗುವಿನ ಅಳು. ಡಾಕ್ಟರು ಮದರಾಸಿನ ಕಡೆಯವರು. ಕಾಲು ನೋಡಿದರು, ಜ್ವರ ನೋಡಿದರು, ಅಪ್ಪನನ್ನು ಪಕ್ಕಕ್ಕೆ ಕರೆದು ಅರೆಬರೆ ಕನ್ನಡದಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಕೊಯ್ದು ಕೀವು ತೆಗಿತೀನಿ. ವಿಷ ಮೇಲೆ ಹೋಗಿದ್ರೆ ಕಾಲು ತೊಡೆಯಿಂದ ತೆಗಿಯಬೇಕು. ಮೇಜಿನ ಮೇಲೆ ನೋಡಿದ ಮೇಲೆ ಗೊತ್ತಾಗುತ್ತೆ. ಎರಡಕ್ಕೂ ಒಪ್ಪಿಗೆ ಬರೆದು ಕೊಡಿ." ಈಗಿನ ಹಾಗೆ ಕೀವು ತಡೆಯುವ ಸಲ್ಫಾ ಮಾತ್ರೆ ಆಗ ಇರಲಿಲ್ಲ.

"ಬ್ಯಾಡಪ್ಪ," ಅಂತ ಕೂಗಿದೆ. "ಕಾಲು ತೆಗೆಸಬ್ಯಾಡ. ಸತ್ತರ ಸಾಯ್ತೀನಿ. ಕಾಲು ತೆಗೆಸಬ್ಯಾಡ."

ಅಪ್ಪ ನನ್ನ ಹತ್ತಿರ ಬಂದು ಕೂತರು. ಇಪ್ಪತ್ತು ದಿನಗಳ ಮೇಲೆ ನನ್ನ ಜೊತೆ ಅವರು ಆಡಿದ ಮೊದಲ ಮಾತು ಅದು. "ಕಾಲು ಹೋದರ ಹೋಗಲಿ. ನೀ ಇರಬೇಕಲ್ಲೋ," ಅಂದರು. ಎದ್ದು ಹೋಗಿ ಸಹಿ ಮಾಡಿದರು. ಮೂವತ್ತು ವರ್ಷ ಕಚೇರಿಯಲ್ಲಿ ಮುತ್ತಿನಂಥ ಅಕ್ಷರ ಬರೆದ ಕೈ ಆವತ್ತು ಕಾಗದದ ಮೇಲೆ ಮಸಿ ಚೆಲ್ಲಿತು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಮುಖ ತಿರುಗಿಸಿ ಗೋಡೆ ನೋಡುತ್ತಾ ಮಲಗಿದೆ.

ಡಾಕ್ಟರು ಬೇರೆ ಒಂದು ಆಪರೇಷನ್ನಿನಲ್ಲಿದ್ದರು, ನನ್ನ ಸರದಿ ಇಳಿಹೊತ್ತಿಗೆ ಅಂದರು. ಜ್ವರ ಏರಿತು. ನೀರು, ನೀರು ಅನ್ನುತ್ತಿದ್ದೆ. ಕೊಯ್ಯುವ ಮೊದಲು ಹೆಚ್ಚು ಕೊಡಬೇಡಿ, ಬಾಯಿ ಒದ್ದೆ ಮಾಡಿ ಅಂತ ಕಂಪೌಂಡರ ಹೇಳಿ ಹೋಗಿದ್ದ. ಮನೆಯ ಕೂಜದ ನೀರು ರೈಲಿನಲ್ಲೇ ಮುಗಿದಿತ್ತು. ವಾರ್ಡಿನ ಮೂಲೆಯಲ್ಲಿ ಎಲ್ಲರಿಗೂ ಒಂದೇ ಮಣ್ಣಿನ ಹರವಿ, ಒಂದೇ ತಗಡಿನ ಲೋಟ. ಅಪ್ಪ ಅದನ್ನು ನೋಡುತ್ತಾ ನಿಂತರು. ಆಮೇಲೆ ಹೆಗಲ ಮೇಲಿನ ಶಲ್ಯ ತೆಗೆದು ಎರಡು ಪದರ ಮಾಡಿದರು.

"ಹುಸೇನಿ, ಆ ನೀರು ತೊಗೊಂಬಾರಪ್ಪ."

ಹುಸೇನಿ ಬೆಪ್ಪಾದ. "ರಾಯರ, ನಾ ತರ್ಲ್ಯಾ? ಇಲ್ಲಾ ಆ ಆಯಾಗ ಹೇಳ್ಲ್ಯಾ?"

"ನೀನ ತಾ."

ಹುಸೇನಿ ತಂದು ಹಿಡಿದ. ಅಪ್ಪ ಶಲ್ಯದ ಮೂಲಕ ಕೂಜಕ್ಕೆ ಸೋಸಿಕೊಂಡು, ಬಟ್ಟೆಯ ಮೂಲೆ ಅದ್ದಿ ನನ್ನ ತುಟಿಗೆ ಹಿಂಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೂರು ನಾಲ್ಕು ಸಲ ಹಿಂಡಿದ ಮೇಲೆ, ಉಳಿದ ನೀರನ್ನು ತಾವೇ ಎತ್ತಿ ಗಟಗಟ ಕುಡಿದರು. ಬೆಳಗಿನಿಂದ ಅವರೂ ಹನಿ ನೀರು ಕುಡಿದಿರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ಬಾಯಿ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮ್ಮವ್ವಗ ಹೇಳಬ್ಯಾಡ," ಅಂದರು.

ಕಾಲು ಉಳಿಯಿತು. ಎಚ್ಚರವಾದ ಕೂಡಲೇ ಕೈಯಿಂದ ತಡವಿ ನೋಡಿಕೊಂಡೆ, ಇತ್ತು. ಡಾಕ್ಟರು ಮೂರು ಕಡೆ ಕೊಯ್ದು ಬೋಗುಣಿ ತುಂಬ ಕೀವು ತೆಗೆದಿದ್ದರಂತೆ. ಆದರೆ ಕೀವು ಮೊಣಕಾಲ ಕೀಲಿನೊಳಗೂ ಹೋಗಿತ್ತು. ಹಲಗೆ ಕಟ್ಟಿ ತಿಂಗಳುಗಟ್ಟಲೆ ಮಲಗಿಸಿದರು. ಒಬ್ಬ ಆಯಾ ಇದ್ದಳು, ಹೆಸರು ಕೇಳಲಿಲ್ಲ. ದಿನಾ ಡ್ರೆಸ್ಸಿಂಗ್ ಬಿಚ್ಚುವಾಗ ನನ್ನ ಕೈಗೆ ತನ್ನ ಸೆರಗಿನ ತುದಿ ಕೊಟ್ಟು, "ಇದನ್ನ ಕಚ್ಚಿಕೋ, ಕೂಗಬ್ಯಾಡ, ಆಚೆ ಮಂಚದ ಅಜ್ಜಗೆ ಹೆದರಿಕಿ ಆಗತೈತಿ," ಅನ್ನುತ್ತಿದ್ದಳು. ಆಚೆ ಮಂಚದಲ್ಲಿ ಯಾವ ಅಜ್ಜನೂ ಇರಲಿಲ್ಲ ಅನ್ನುವುದು ವಾರದ ಮೇಲೆ ಗೊತ್ತಾಯಿತು.

ಫೈನಲ್ ಮುಗಿದ ಮೇಲೆ ಹುಸೇನಿ ಬಂದ. "ಸೋತ್ವಿ," ಅಂದ. ಎಷ್ಟಕ್ಕೆ ಅಂದೆ. "ಕೇಳಬ್ಯಾಡ ಮಾರಾಯಾ." ನನಗೆ ಒಳಗೊಳಗೇ ಖುಷಿಯಾಯಿತು. ನಾನಿಲ್ಲದೆ ಸೋತರಲ್ಲ! ಆಮೇಲೆ ಎಷ್ಟೋ ಹೊತ್ತು ಅವನ ಮುಖ ನೋಡಲಾಗಲಿಲ್ಲ.

ಹಲಗೆ ಬಿಚ್ಚಿದ ದಿನ ಕಾಲು ಮಡಚಲು ಹೇಳಿದರು. ನನ್ನದೇ ಕಾಲು, ನಾನು ಹೇಳಿದರೆ ಕೇಳಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಡೀತೀಯ. ಅಷ್ಟು ಸಾಕು ಅಂದ್ಕೋ," ಅಂದರು.

ಸಾಕು ಅಂದುಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಮನೆಗೆ ಬಂದ ಮೇಲಿನ ಆ ವರ್ಷವನ್ನು ನೆನೆಯಲು ಮನಸ್ಸಿಲ್ಲ, ಆದರೆ ಬರೆಯದೆ ಬಿಟ್ಟರೆ ಮೋಸವಾಗುತ್ತದೆ. ಅವ್ವ ಹರಳೆಣ್ಣೆ ಕಾಯಿಸಿ ದಿನಾ ಮೊಣಕಾಲು ತಿಕ್ಕುತ್ತಿದ್ದಳು. ಒಂದು ದಿನ ಆ ಬಟ್ಟಲನ್ನು ಒದ್ದೆ, ಸರಿಯಿದ್ದ ಕಾಲಲ್ಲಿ. ಬಿಸಿ ಎಣ್ಣೆ ಅವಳ ಕೈ ಮೇಲೆ ಬಿತ್ತು. ಅವಳು ಎಣ್ಣೆ ಒರೆಸಿಕೊಂಡು, "ಒದಿಲಿಕ್ಕೆ ಬರ್ತದಲ್ಲ, ಚಲೋ ಆತು," ಅಂದಳು. ಸಂಜೆ ಮೈದಾನದ ಕಡೆಯಿಂದ ಚೆಂಡಿನ ಸದ್ದು ಕೇಳಿದರೆ ಕಿಟಕಿ ಮುಚ್ಚಿಸುತ್ತಿದ್ದೆ. ಬದುಕಿದ್ದು ಯಾಕೆ ಅಂತ ಕೇಳಿಕೊಳ್ಳುತ್ತಿದ್ದೆ. ಅಪ್ಪ ಯಾರಯಾರ ಕೈಕಾಲೋ ಹಿಡಿದು ನನಗೆ ಕಚೇರಿಯಲ್ಲಿ ನಕಲು ಬರೆಯುವ ಕೆಲಸ ಕೊಡಿಸಿದರು. ಕಾಲು ಚಾಚಿಕೊಂಡು ಬರೆದೆ.

ಕೊನೆಗೆ ಹುಸೇನಿಯೇ ಒಂದು ಸಂಜೆ ಕಚೇರಿಯ ಎದುರು ಜಟಕಾ ನಿಲ್ಲಿಸಿದ. "ಹತ್ತು," ಅಂದ. ಎಲ್ಲಿಗೆ ಅಂದೆ. "ನಮ್ಮ ಹೊಸಾ ಸೆಂಟರ್ ಹಾಫ್ ಕತ್ತೆ ಇದ್ದಂಗ ಅದಾನ. ನಾ ಹೇಳಿದ್ರ ಕೇಳವಲ್ಲ. ನೀ ಆಡಬ್ಯಾಡ, ಹೊರಗ ನಿಂತು ಬಯ್ಯಿ ಸಾಕು. ನಿನ್ನ ಬಾಯಿಗೇನು ನಾರು ಹೊಂಟಿಲ್ಲಲ್ಲ?" ಹೋದೆ. ಬೈದೆ. ಬಹಳ ದಿನದ ಮೇಲೆ ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ. ನಾನು ಟೀಮಿನ ಕೋಚ್ ಆದೆ ಅಂತ ಹೇಳಿದಾಗ ಅವ್ವ, "ಕೋಚು ಅಂದ್ರ ರೈಲಿಗಿ ಇರ್ತದಲ್ಲ ಅದಲ್ಲೇನೋ?" ಅಂದಳು.

ಆವತ್ತಿನಿಂದ ಇವತ್ತಿನವರೆಗೂ ಬೈಯುತ್ತಲೇ ಇದ್ದೇನೆ. ಕಮಲಾಪುರ, ಕಂಪ್ಲಿ, ಸಂಡೂರು, ಬಳ್ಳಾರಿ, ಎಲ್ಲ ಕಡೆ ಕೋಲೂರಿ ಗೆರೆಯಾಚೆ ನಿಂತು ಗಂಟಲು ಹರಿದುಕೊಂಡಿದ್ದೇನೆ. ಗೆದ್ದಿದ್ದೇವೆ, ಸೋತದ್ದೂ ಉಂಟು. ನೀರಿನ ಕೊಡಕ್ಕೆ ಬಟ್ಟೆ ಕಟ್ಟದೆ ನಮ್ಮ ಟೀಮಿನ ಗಾಡಿ ಊರು ಬಿಟ್ಟಿಲ್ಲ. ಅದಕ್ಕೆ ಆಟಗಾರರು ಬೆನ್ನ ಹಿಂದೆ ನನ್ನನ್ನು ಸೋಸೋ ಮಾಸ್ತರ ಅನ್ನುತ್ತಾರೆ. ಅನ್ನಲಿ. ಈ ಕಾಯಿಲೆ ನನಗೆ ತಾಳ್ಮೆ ಕಲಿಸಿತು ಅಂತ ಬರೆದರೆ ಓದುವವರಿಗೆ ಹಿತವಾಗಬಹುದು. ಕಲಿಸಲಿಲ್ಲ. ನಾನು ಇವತ್ತಿಗೂ ಅವಸರದ ಮನುಷ್ಯ. ಒಳ್ಳೆಯ ಪಾಸು ಕಂಡರೆ ಇವತ್ತಿಗೂ ಎಡಗಾಲು ಓಡಲು ಹೋಗುತ್ತದೆ, ನಾನು ಮುಗ್ಗರಿಸುತ್ತೇನೆ.

ಕೋಚ್ ಆದ ಮೊದಲ ವರ್ಷದ ಒಂದು ಸಂಜೆಯದು ಮಾತ್ರ ಹೇಳುವುದು ಉಳಿದಿದೆ. ಆಟ ಮುಗಿದು ಎಲ್ಲರೂ ಮನೆಗೆ ಹೋಗಿದ್ದರು. ನಾನು ಚೆಂಡಿನ ಗಾಳಿ ಬಿಡುತ್ತಾ ಕೂತಿದ್ದೆ. ತಲೆ ಎತ್ತಿದರೆ ಮೈದಾನದ ಅಂಚಿನಲ್ಲಿ ಅಪ್ಪ. ಕಚೇರಿಯ ಕೋಟು, ರುಮಾಲು, ಕಂಕುಳಲ್ಲಿ ಕೊಡೆ. ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆಯಲ್ಲಿ ಏನಾದರೂ ಆಯಿತೇನೋ ಅಂತ ಗಾಬರಿಯಾಗಿ ಎದ್ದೆ.

"ಏನಿಲ್ಲ," ಅಂದರು. ಕೊಡೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ನೀ ಎಲ್ಲಿ ನಿಂತು ಆಡತಿದ್ದಿ?" ಅಂತ ಕೇಳಿದರು.

ಕೋಲಿನಿಂದ ನಡುವಿನ ಜಾಗ ತೋರಿಸಿದೆ.

"ಹಂಗಲ್ಲ. ಅಲ್ಲಿ ಹೋಗಿ ತೋರಿಸು."

ಅವರು ಚಪ್ಪಲಿ ಬಿಟ್ಟರು. ಬಿಡಬೇಕಾಗಿಲ್ಲಪ್ಪ ಅಂದೆ. "ನೀವು ಬರಿಗಾಲಲ್ಲೇ ಆಡತಿದ್ರಲ್ಲ," ಅಂದರು. ಇಬ್ಬರೂ ಮೆಲ್ಲಗೆ ನಡೆದುಕೊಂಡು ನಡುವಿಗೆ ಹೋದೆವು. ನೆಲದಲ್ಲಿ ಇನ್ನೂ ಬಿಸಿಲಿನ ಕಾವು ಇತ್ತು. ಇಲ್ಲಿ, ಅಂದೆ. ಅಪ್ಪ ನನ್ನ ಪಕ್ಕಕ್ಕೆ ಬಂದು ನಿಂತು ಆ ಕಡೆಯ ಗೋಲು ನೋಡಿದರು, ತಿರುಗಿ ಈ ಕಡೆಯದನ್ನೂ ನೋಡಿದರು.

"ಎಲ್ಲಿಂದ ಎಲ್ಲಿ ತನಕ ಓಡತಿದ್ದಿ?"

"ಆ ಕಂಬದಿಂದ ಈ ಕಂಬದ ತನಕ."

"ಇಷ್ಟೂ?"

"ಹೂಂ."

ಅಪ್ಪ ತಮ್ಮ ಬರಿಗಾಲನ್ನು ನೋಡಿಕೊಂಡರು. ನನ್ನ ಕಾಲನ್ನು ನೋಡಲಿಲ್ಲ.

"ಒಂದು ದಿನ ಬಂದು ನೋಡಬೇಕಿತ್ತಲ್ಲೋ ನಾನು," ಅಂದರು.